ಅನಾಮತ್ತು ಇಪ್ಪತ್ತೇಳು

ನಿಬಂಧಕರ ಕಚೇರಿಯಿಂದ ಸುತ್ತೋಲೆ:
ತಾವು ಇಲ್ಲವಾದಲ್ಲಿ ಮುಂದೆ ಯಾರು,
ಮೂವತ್ತು ದಿನದೊಳಗೆ ತಿಳಿಸತಕ್ಕದ್ದು.
'ಇಲ್ಲವಾದಲ್ಲಿ' ಎಂಬುದಕ್ಕೆ ನಾಲ್ಕು ಚೌಕ:
ನಿವೃತ್ತಿ, ರಾಜೀನಾಮೆ, ಮರಣ, ಇತರೆ.
'ಇತರೆ'ಯ ಮೇಲೆ ಪೆನ್ನು ಬಹಳ ಹೊತ್ತು ನಿಂತಿತ್ತು.

ಶಿವಮೊಗ್ಗದ ಗಾಂಧಿ ಬಜಾರು.
ಕೆಳಗೆ ತಾಮ್ರದ ಹಂಡೆಗಳಿಗೆ ಕಲಾಯಿ,
ಮಹಡಿಯಲ್ಲಿ ಸಣ್ಣ ವ್ಯಾಪಾರಸ್ಥರ ಪತ್ತಿನ ಸಹಕಾರ ಸಂಘ,
ಬಾಲಕ್ಕೆ 'ನಿಯಮಿತ' ಅಂತ ಬೇರೆ.
ಇಪ್ಪತ್ತೊಂಬತ್ತು ವರ್ಷ
ಈ ಕುರ್ಚಿ ನನ್ನ ಬೆನ್ನನ್ನು ಬಾಯಿಪಾಠ ಮಾಡಿಕೊಂಡಿದೆ.

ಅಧ್ಯಕ್ಷ ಓಂಕಾರಪ್ಪನವರು ಅಂದರು,
ಅವಸರ ಏನ್ರೀ, ಗಟ್ಟಿಯಾಗೇ ಇದ್ದೀರಿ.
ಕಾಫಿಯ ಕೊನೇ ಗುಟುಕಿಗೆ,
ನಮ್ಮ ತಂಗಿ ಮಗ ಬಿಕಾಂ ಮುಗಿಸಿ ಮನೇಲೇ ಇದ್ದಾನೆ.

ಹಸ್ತಾಂತರದ ಟಿಪ್ಪಣಿ ಬರೆಯಬೇಕಂತೆ. ಬರೆದೆ.
ತಿಜೋರಿ ಕೀಲಿಯನ್ನು ತಿರುವುವ ಮೊದಲು ಕೊಂಚ ಎತ್ತಬೇಕು,
ನಿದ್ದೆಹೋದ ಮಗುವಿನ ತಲೆ ಎತ್ತುವಂತೆ.
ಹೂವಿನ ಸಾಕಮ್ಮ ಕಂತು ತಪ್ಪಿಸಿದರೆ ನೋಟೀಸು ಬೇಡ,
ಆಷಾಢ ಕಳೆಯಲಿ, ಮದುವೆಗಳು ಶುರುವಾಗಲಿ.
ಗಫೂರ್ ಸಾಹೇಬರು ಶನಿವಾರ ಕಟ್ಟುವ ದುಡ್ಡಿಗೆ
ರಸೀದಿ ಕೊಡಿ, ಮನೆಗೆ ಫೋನು ಮಾಡಬೇಡಿ.
ನಮೂನೆಯಲ್ಲಿ ಇದಕ್ಕೆಲ್ಲ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ. ಅಂಚು ಮುಗಿಯಿತು.

ಹೆಸರಿನ ಜಾಗದಲ್ಲಿ: ನೂರುನ್ನೀಸಾ.
ಪಿಗ್ಮಿ ಸಂಗ್ರಾಹಕಿ. ಹದಿಮೂರು ವರ್ಷ
ಅಂಗಡಿ ಹತ್ತಿ ಅಂಗಡಿ ಇಳಿದು ಇಪ್ಪತ್ತು, ಐವತ್ತು.
ಯಾರ ಗಲ್ಲಾಪೆಟ್ಟಿಗೆ ಎಷ್ಟು ಹೊತ್ತಿಗೆ ನಗುತ್ತದೆ,
ಯಾವುದು ಬರೀ ಹಲ್ಲು ಕಿರಿಯುತ್ತದೆ, ಅವಳಿಗೆ ಗೊತ್ತು.
ಸಹಕಾರ ಡಿಪ್ಲೊಮಾ ಓದಿದ್ದು ಸಂಜೆ, ಮಗಳ ಪಕ್ಕ ಕೂತು.
ಸಭೆಯಲ್ಲಿ ಒಂದು ಕೆಮ್ಮು.
ಏಳರಲ್ಲಿ ನಾಲ್ಕು ಕೈ ಎದ್ದವು,
ನಾಲ್ಕನೆಯದು ಕಲಾಯಿಯ ಮಸಿ ಮೆತ್ತಿದ್ದು.

ಸುತ್ತೋಲೆಯ ಕೊನೇ ಕಲಮು: ಹದಿನೈದು ದಿನ ಕಡ್ಡಾಯ ರಜೆ,
ಕಚೇರಿಗೆ ಕಾಲಿಡಕೂಡದು.
ಇಡಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತೆ.
ಹತ್ತಕ್ಕೆ ಕಿಟಕಿ ತೆರೆಯಿತು. ಫ್ಯಾನು ತಿರುಗಿತು.
ಸಾಕಮ್ಮ ಮೆಟ್ಟಿಲು ಹತ್ತಿದಳು, ಇಳಿದಳು,
ಅವಳ ಮುಖದಲ್ಲಿ ನಾನಿಲ್ಲದ ಗುರುತೇ ಇರಲಿಲ್ಲ.
ನಿಜ ಹೇಳಿಬಿಡುತ್ತೇನೆ:
ಏನಾದರೂ ಕೆಡಲಿ ಅಂದುಕೊಂಡೆ. ದೊಡ್ಡದಲ್ಲ.
ಒಂದು ಕೀಲಿ ಸಿಕ್ಕಿಕೊಳ್ಳುವಷ್ಟು.

ಹದಿನಾರನೇ ದಿನ
ಮೇಜಿನ ಮೇಲೆ ಹಳೇ ದಿನವಹಿ ಬಾಯ್ತೆರೆದು ಮಲಗಿತ್ತು.
ಅನಾಮತ್ತು ಖಾತೆಯ ಇಪ್ಪತ್ತೇಳು ರೂಪಾಯಿ,
ಹನ್ನೊಂದು ಮಾರ್ಚು ತಿಂಗಳು
ಲೆಕ್ಕ ತಪಾಸಣೆಯವರ ಮುಂದೆ ಹಲ್ಲುಗಿಂಜಿ
ನಾನು ಮುಂದಕ್ಕೆ ಎಳೆದುಕೊಂಡು ಬಂದದ್ದು.
ಇಲ್ಲಿ ನೋಡಿ ಸಾರ್, ಅರವತ್ತಮೂರು ಮೂವತ್ತಾರಾಗಿದೆ.
ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ತಿರುಗಿದೆ ಅಂತ
ನೀವೇ ಅಲ್ವಾ ಹೇಳಿಕೊಟ್ಟಿದ್ದು?

ನಾನೇ.
ಊರವರ ಬರಹದಲ್ಲೆಲ್ಲ ಹುಡುಕಿದ್ದೆ.
ಇದು ನನ್ನ ಅಕ್ಷರ.

ಕಾಗದ ತೆಗೆಯಲು ತಿಜೋರಿಗೆ ಕೀಲಿ ಹಾಕಿದೆ.
ಎಣ್ಣೆ ಬಿಟ್ಟಿದ್ದೀನಿ ಸಾರ್, ಎಂದಳು ಬೆನ್ನ ಹಿಂದಿನಿಂದ,
ಈಗ ಎತ್ತೋದು ಬೇಡ.
ಕೈ ಮಾತ್ರ ಎತ್ತಿಯೇ ತಿರುವಿತು.