ತಪ್ಪೊಪ್ಪು

ಮೂವತ್ತೊಂದು ವರ್ಷ, ಬಲ್ಮಠ ಗುಡ್ಡೆಯ ಇಳಿಜಾರಿನ
ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದವನು ನಾನು.
ಧ್ಯಾನದ ಪುಸ್ತಕ, ಪ್ರಶ್ನೋತ್ತರ, ಸಭೆಯ ವರದಿ,
ಮದುವೆಯ ಕಾಗದ, ಸೋಡಾ ಕಂಪೆನಿಯ ರಶೀದಿ.
ಸೀಸಕ್ಕೆ ಭೇದವಿಲ್ಲ.
ಅಕ್ಷರ ಕನ್ನಡಿಯೊಳಗಿನದು, ಸಾಲು ತಲೆಕೆಳಗು;
ಬೆರಳಿಗೆ ಗೂಡು ಗೊತ್ತಿದ್ದರೆ ಸಾಕಿತ್ತು.

ಭಾನುವಾರ ಮೂರನೆಯ ಬೆಂಚು, ಗೋಡೆಯ ಬದಿ.
ಎಲ್ಲರೂ ಏಳುವಾಗ ಏಳುತ್ತಿದ್ದೆ,
ವಾಕ್ಯದ ಕೊನೆಯ ಚುಕ್ಕಿಯ ಹಾಗೆ:
ಇದ್ದೇ ಇರಬೇಕು, ಏನೂ ಹೇಳಬೇಕಾಗಿಲ್ಲ.
"ವಿಶ್ವಾಸ ಉಂಟಾ, ಎಬನೇಜರ?" ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ, ಹನ್ನೆರಡು ಪಾಯಿಂಟಾ ಹದಿನಾಲ್ಕಾ, ಎನ್ನುತ್ತಿದ್ದೆನೋ ಏನೋ.

ಮೊನ್ನೆ ಸಭಾಪಾಲಕರ ಹೆಂಡತಿ ಕರೆದರು:
"ಲೈಬ್ರೆರಿಗೆ ಒರಲೆ ಹಿಡಿದಿದೆ ಮಾರಾಯ್ರೆ,
ಪುಸ್ತಕ ಗೊತ್ತಿರುವವರು ನೀವೇ ಅಲ್ವಾ?"

ಗೊತ್ತಿತ್ತು. ಬೆನ್ನು ಸವರಿದರೆ ಹೊಲಿಗೆ ಯಾರದೆಂದು,
ಮೂಸಿದರೆ ಅಂಟು ಮೈದಾದ್ದೋ ಗೋಂದಿನದೋ ಎಂದು.
ಬಿಸಾಡುವುದು ಒಂದು ರಾಶಿ, ಇಡುವುದು ಒಂದು ರಾಶಿ.
ಮೂರನೆಯದೊಂದು ನನಗೆ ಹೊಳೆದಿರಲಿಲ್ಲ.

ಅಂಗೈಯಗಲ, ಇಟ್ಟಿಗೆ ದಪ್ಪ, ನೀಲಿ ರಟ್ಟು;
ದಿನಕ್ಕೊಂದು ಪುಟದ ಧ್ಯಾನ. ನಾನೇ ಜೋಡಿಸಿದ್ದು,
ಮದುವೆಯಾದ ವರ್ಷ.
ಜುಲೈ ಒಂಬತ್ತರಲ್ಲಿ ತಾನಾಗಿ ಬಿಚ್ಚಿಕೊಂಡಿತು,
ಒಂದೇ ಕಡೆ ಬಹಳ ಸಲ ತೆರೆದ ಪುಸ್ತಕದ ಅಭ್ಯಾಸ ಅದು.
ಅಲ್ಲಿ ನನ್ನ ಮೊಳೆಗಳಲ್ಲಿ, ಅಚ್ಚುಕಟ್ಟಾಗಿ:
"ನೀನು ಏಳುವ ಮೊದಲೇ ದೇವರ ಕಪ್ಪೆಯು
ನಿನ್ನ ಬಾಗಿಲಿಗೆ ಬಂದು ಕೂತಿರುತ್ತದೆ."

ಕಪ್ಪೆ!
ಕೃಪೆಯ ವಟ್ರಸುಳಿಗೆ ಹೋಗಬೇಕಿದ್ದ ಬೆರಳು
ಪಕ್ಕದ ಗೂಡಿನಿಂದ ಪಕಾರದ ಒತ್ತು ತಂದಿತ್ತು.
ಪ್ರೂಫ್ ನೋಡುವ ಶೀಲಾನಂದರಿಗೆ ಆ ವಾರ ಕೆಂಗಣ್ಣು.
ತಪ್ಪೊಪ್ಪಿನ ಚೀಟಿಯನ್ನೂ ಯಾರೂ ಅಂಟಿಸಲಿಲ್ಲ.
ಮೂಲ್ಕಿಗೆ, ಕಾಪುವಿಗೆ, ಉಡುಪಿಗೆ
ಆರುನೂರು ಕಪ್ಪೆ ಕುಪ್ಪಳಿಸಿ ಹೋಗಿವೆ,
ಮೂವತ್ತೆಂಟು ವರ್ಷದ ಹಿಂದೆ, ನನಗೆ ತಿಳಿಯದೆ.

ಕಿವಿ ಬಿಸಿಯಾಯಿತು. ಪೆನ್ಸಿಲಿಗೆ ಕಿಸೆ ತಡಕಿದೆ.
ಅಂಚಿನಲ್ಲಿ ಆಗಲೇ ಒಂದು ಪೆನ್ಸಿಲು ಓಡಾಡಿತ್ತು,
ತಡವಾಗಿ ಕಲಿತವರ ಅಕ್ಷರ, ಒಂದೊಂದು ತಲೆಕಟ್ಟನ್ನೂ
ಹಂಚು ಹೊದೆಸಿದ ಹಾಗೆ ಮೆಲ್ಲಗೆ ಇಟ್ಟದ್ದು:

"ಉಂಟು. ಇವತ್ತು ಹೊಸ್ತಿಲ ಹತ್ತಿರ. ಓಡಿಸಲಿಲ್ಲ."
ಕೆಳಗೆ, ಬೇರೆ ವರ್ಷದ ನೀಲಿ ಶಾಯಿ: "ಈ ಸಲವೂ ಉಂಟು."
ಓರೆಯಾಗಿ: "ಕಾರ್ಖಾನೆ ಬಂದ್. ಅಕ್ಕಿ ಮೂರು ಪಾವು.
ಅದು ಬಂದು ಕೂತಿದೆ."
ಕೊನೆಯದು ಸಾಲು ತಪ್ಪಿ ಮೂಲೆಗೆ ಜಾರಿತ್ತು:
"ಕಣ್ಣು ಕಾಣುವುದಿಲ್ಲ. ಸದ್ದು ಕೇಳಿತು."

ರಟ್ಟಿನೊಳಗೆ ಹೆಸರು: ಸಲೋಮಿ ಉಚ್ಚಿಲ, ಜೆಪ್ಪು.
ಹಂಚಿನ ಕಾರ್ಖಾನೆಯ ಕೆಮ್ಮಣ್ಣು ಉಗುರಿನಿಂದ ಹೋಗದ ಹೆಂಗಸು,
ಪ್ರಸಂಗ ಮುಗಿದ ಮೇಲೆ ಪಾದ್ರಿಯನ್ನು ಮೆಟ್ಟಿಲಲ್ಲೇ ನಿಲ್ಲಿಸಿ
"ಹಾಗಲ್ಲ ಅಯ್ಯಾ, ನಾನು ಓದಿದ್ದೇನೆ" ಎನ್ನುತ್ತಿದ್ದರು.
ನಾವು ಹಿಂದೆ ನಿಂತು ನಗುತ್ತಿದ್ದೆವು.

ಏಣಿಯ ಮೇಲೆಯೇ ಕುಳಿತೆ.
ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ,
ನನ್ನ ಕೈ ದಾಟಿಬಂದ ಮಾತನ್ನು ಮೊದಲ ಸಲ ಓದಿದೆ.
ಬರೆದವನು ವಾದ ಹೂಡಿದ್ದ: ನೀನು ಹುಡುಕಲು ಹೊರಡುವ ಮೊದಲೇ
ಅದು ನಿನ್ನ ಕಡೆ ಹೊರಟಾಗಿದೆ, ಅರ್ಹತೆಯ ಲೆಕ್ಕ ಎಲ್ಲಿಂದ ಬಂತು?
ಎರಡು ಕಡೆ ನನಗೆ ಒಪ್ಪಿಗೆಯಾಗಲಿಲ್ಲ.
ಒಂದು ಕಡೆ ಪುಟ ತಿರುಗಿಸಲು ಕೈ ಬರಲಿಲ್ಲ.

ತಪ್ಪೊಪ್ಪು, ತಪ್ಪೊಪ್ಪಿಗೆ.
ಎರಡು ಮೊಳೆಯ ವ್ಯತ್ಯಾಸ.

ಕಪ್ಪೆಯನ್ನು ತಿದ್ದಲಿಲ್ಲ.
ದಾಖಲೆ ಪುಸ್ತಕದ ಧೂಳು ಒರಸಿ ಹೆಸರು ಬರೆದೆ;
ಹಿಂತಿರುಗಿಸುವ ದಿನದ ಮನೆ ಖಾಲಿ ಬಿಟ್ಟೆ.
"ಇದೇನು, ಬಿಸಾಡುವ ರಾಶಿಯದ್ದಾ, ಇಡುವುದಾ?"
ಎಂದಳು ಹೆಂಡತಿ, ಮೀನು ಉಜ್ಜುತ್ತಾ.
ಓದುವುದು, ಎಂದೆ.
ನಗಬೇಡ. ನನ್ನ ಕನ್ನಡಕ ಎಲ್ಲಿಟ್ಟೆ?