ಬಿಳೇ ಟೇಪು

ಫೋನ್ ಬಿಟ್ಟು ಹೋಗೋರು ಅದರ ಗುಟ್ಟೂ ಬಿಟ್ಟು ಹೋಗತಾರ.
ಬಿಳೇ ಟೇಪು ಹರದು ಬೆನ್ನಿಗೆ ಅಂಟಸತೀನಿ,
ಮ್ಯಾಲ ಬಾಲ್‌ಪೆನ್ನಿಲೆ ಬರೀತೀನಿ:
ಮಗಳು ಹುಟ್ಟಿದ ವರ್ಷ, ಟ್ರ್ಯಾಕ್ಟರಿನ ನಂಬರು,
ಒಂಬತ್ತು ಚುಕ್ಕಿಯೊಳಗ ಎಳದ ರಂಗೋಲಿ,
ಒಬ್ಬ ಗಣಿತದ ಮಾಸ್ತರಂದು ಒಂದು ಎರಡು ಮೂರು ನಾಕು.
"ನಿನ್ನ ಮುಂದ ಮುಚ್ಚೂದೇನೈತೋ" ಅಂತಾರ,
ಚಾ ಕುಡ್ಯಾಕ ಹೋಗತಾರ.

ಹಳೇ ಬಾಗಲಕೋಟ್ಯಾಗ ನಮ್ಮಜ್ಜ ಲಾಡ್ಲೇಸಾಬ
ಕೀಲಿಕೈ ಮಾಡತಿದ್ದ.
ಮೇಣದಾಗ ಒತ್ತಿದ ಹಲ್ಲಿನ ಗುರುತು
ಗಿರಾಕಿ ಕಣ್ಣ ಮುಂದನ
ಹೆಬ್ಬಟ್ಟಿಲೆ ತಿಕ್ಕಿ ಅಳಸತಿದ್ದ.
ಯಾಕಜ್ಜಾ ಅಂದ್ರ ಬಾಯಿ ಬಿಡಲಿಲ್ಲ,
ಮೇಣದ ಉಂಡಿ ನನ್ನ ಅಂಗೈಯಾಗಿಟ್ಟ.
ಇನ್ನೂ ಬೆಚ್ಚಗಿತ್ತು.

ದೀಪಾವಳಿ ಮುಂದ ಒಬ್ಬವ ಬಂದಿದ್ದ, ಹೊಸಾ ಫೋನು.
"ಮನ್ಯಾಕಿಂದು. ರಾತ್ರಿ ಡ್ಯೂಟಿ, ಕಾಲ ಛಲೋ ಇಲ್ಲ.
ಕಾಳಜಿ ಅಷ್ಟ, ಬ್ಯಾರೇ ಏನಿಲ್ಲ."
ಹತ್ತು ಮಿನಿಟಿನ ಕೆಲಸ, ಮುನ್ನೂರು ರೂಪಾಯಿ.
ಒಳಗ ಇಳಸಿದ್ದಕ್ಕ ಕ್ಯಾಲ್ಕುಲೇಟರಿನ ವೇಷ ಹಾಕಿದೆ.
ಕೂಡಸಿದ್ರ ಕೂಡಸತಿತ್ತು, ಕಳದ್ರ ಕಳೀತಿತ್ತು,
ಲೆಕ್ಕಾ ಒಂದೂ ತಪ್ಪಲಿಲ್ಲ.
ನನಗೂ ತಪ್ಪು ಅನಸಲಿಲ್ಲ.

ನಿನ್ನೆ ಆಕಿ ಬಂದ್ಲು,
ಕೊರಳಾಗ ದವಾಖಾನಿ ಗುರುತಿನ ಪಟ್ಟಿ: ಗೌರಾಬಾಯಿ, ನರ್ಸ್.
"ಬ್ಯಾಟರಿ ಲಗೂನ ಇಳೀತೈತಿ ನೋಡ್ರಿ" ಅಂದ್ಲು ಜೋರಾಗಿ.
ಗುಳಗಿ ಚೀಟಿ ತಿರುವಿ ಹಾಕಿ ಸುಮ್ಮನ ಬರದ್ಲು:

ತವರಿಗೆ ಹಚ್ಚಿ ಅತ್ತಿದ್ದು ಅವನಿಗೆ ಗೊತ್ತೈತಿ,
ಅಳೂ ಮುಂದ ಏನೇನಂದೆ, ಅದೂ ಗೊತ್ತೈತಿ.
ಬಸ್ ಸ್ಟ್ಯಾಂಡಿನಾಗ ಆರು ಮಿನಿಟು ಯಾಕ ನಿಂತಿದ್ದಿ ಅಂತಾನ.
ಕಬ್ಬಿನ ಹಾಲು ಕುಡದಿದ್ದೆ, ಅಷ್ಟ.
ಗ್ವಾಡಿಗೆ ಕಿವಿ ಇರತಾವ ಅಂತಿದ್ಲು ನಮ್ಮವ್ವ.
ನಾನೇನು ಗ್ವಾಡಿ ಹೊತಗೊಂಡು ತಿರಗತೀನೇನು?

ಕವರ್ ಬಿಚ್ಚಿದೆ.
ಬೆನ್ನ ಮ್ಯಾಲ ಅರ್ಧಾ ಕಿತ್ತ ಬಿಳೇ ಟೇಪು,
ನಾಕು ಅಂಕಿ.
ನನ್ನ ಏಳು. ನಡಕ ಗೆರಿ ಎಳಿಯೂದು ನಾನೊಬ್ಬನ.

ಹಿನ್ನೀರು ಬಂದಾಗ ಸಪ್ಪಳಿರಲಿಲ್ಲ.
ಮೊದಲ ಮೋರಿ, ಆಮ್ಯಾಲ ಹೊಸ್ತಿಲ,
ಅಡಗಿಮನಿ, ಬಾಣಂತಿ ಖೋಲಿ,
ಅಜ್ಜ ಹಾಕಿದ ಕೀಲಿ ಕೀಲಿಯಂಗ ಇತ್ತು,
ನೀರು ಒಳಗಿತ್ತು.
ಆದ್ರ ಆ ನೀರು ಹೇಳಿ ಬಂದಿತ್ತು.
ಗ್ವಾಡಿಗೆ ನಂಬರು ಬರದಿದ್ರು, ನೋಟೀಸು ಕೊಟ್ಟಿದ್ರು,
ಜಂತಿ ಕಿತ್ತು ಬಂಡಿಗೆ ಹೇರಾಕ ಟೈಮು ಕೊಟ್ಟಿದ್ರು.
ಈಕಿಗೆ ಯಾರು ಏನು ಕೊಟ್ಟರು?

ಹೇಳಬೇಕಂತ ಬಾಯಿ ತೆರದೆ.
ಕೌಂಟರಿನ ಮ್ಯಾಲ ಅದು ಕೇಳಕೋತ ಮಲಗಿತ್ತು.
ಟೇಪು ಹರದೆ, ಬರದೆ:
"ಹಾಕಿದಾಂವ ನಾನ."

ಆಕಿ ಓದಿದ್ಲು. ಎಷ್ಟೊತ್ತು ಓದಿದ್ಲು
ಅಷ್ಟು ಅಕ್ಷರ ಅದರಾಗ ಇರಲಿಲ್ಲ.

ತಗೀತೀನಿ ಅಂತ ಸನ್ನಿ ಮಾಡಿದೆ.
ತಲಿ ಅಲ್ಲಾಡಸಿದ್ಲು. ಚೀಟಿ ಮ್ಯಾಲ ಬರದ್ಲು:
ತಗದ್ರ ಅವನಿಗೆ ತಿಳೀತೈತಿ. ಇಲ್ಲೇ ಇರಲಿ.
"ರಿಪೇರಿ ಎರಡು ದಿನಾ ಹಿಡೀತೈತೇನ್ರಿ? ಆಗಲಿ" ಅಂದ್ಲು,
ಮತ್ತ ಜೋರಾಗಿ.
ನನ್ನ ಟೇಪು ಎತ್ತಿ, ಓದೋ ಮುಖ ನನ್ನ ಕಡೆ ಮಾಡಿ,
ಕೌಂಟರಿನ ಗಾಜಿಗೆ ಹಚ್ಚಿ ಒತ್ತಿದ್ಲು.
ಚೀಟಿ ಮಡಚಿ ಕುಪ್ಪಸದಾಗ ಇಟ್ಟಕೊಂಡ್ಲು.
ಯಾ ಬಸ್ಸು ಹತ್ತಿದ್ಲು, ನಾ ನೋಡಲಿಲ್ಲ.
ನೋಡಬಾರದಂತನ ಆ ಕಡೆ ತಿರುಗಿ ನಿಂತಿದ್ದೆ.

ಈಗ ಅದು ನನ್ನ ಡ್ರಾದಾಗೈತಿ,
ನವನಗರದ ಮೂಲಿ ಅಂಗಡಿ ಬಿಟ್ಟು ಕದಲಿಲ್ಲ.
ಸಂಜಿಮುಂದ ಮೂರು ಸಲ ಬಡಕೊಂತು.
ನಾ ಉಸರೂ ಬಿಗಿ ಹಿಡದೆ.

ಹೊರಗ ಕಬ್ಬಿನ ಗಾಣ ತಿರಗಾಕತ್ತೈತಿ,
ಗೆಜ್ಜಿ ಝಣ್ ಝಣ್.
ಕೇಳಲಿ, ಅದನ್ನ ಕೇಳಲಿ.