ಎರಡನೇ ತುಂಡು

ಈಗೇನು ಓದ್ತಿದ್ದೀಯ ಅಂತ ಯಾರೂ ಕೇಳುತ್ತಿರಲಿಲ್ಲ
ನಮ್ಮ ಹೆಂಗಸರ ಡಬ್ಬಿಯಲ್ಲಿ.
ಎಷ್ಟನೇ ತುಂಡು, ಅಂತ ಕೇಳುತ್ತಿದ್ದರು.

ಐನೂರು ಪುಟದ ಮರಾಠಿ ಕಾದಂಬರಿ,
ಡೊಂಬಿವಲಿಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಕೊಂಡದ್ದು.
ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈ ಪರ್ಸಿಗೆ,
ಇಟ್ಟಿಗೆಯಂಥದನ್ನು ಹಿಡಿಯುವ ಮೂರನೇ ಕೈ
ದೇವಿಯರಿಗಿರುತ್ತದೆ,
ಎಂಟು ಹನ್ನೆರಡರ ಲೋಕಲ್ಲಿನವರಿಗಲ್ಲ.
ಹೀರಾತಾಯಿ ಗೋರಿಕಾಯಿ ಹೆಚ್ಚುತ್ತಿದ್ದ ಚಾಕು ಒರೆಸಿಕೊಂಡು
ಪುಸ್ತಕದ ಬೆನ್ನಿಗೆ ಹಾಕಿದಳು.
ಮುಂಬ್ರಾ ಬರುವುದರೊಳಗೆ ನಾಲ್ಕು ಪಾಲು.
ಮೋಜಣಿಯಿಲ್ಲ, ಪಂಚರಿಲ್ಲ, ಕೋರ್ಟಿಲ್ಲ.
ಆಮೇಲೆ ಎಷ್ಟೋ ದಿನ ಪುಟ ತಿರುವಿದರೆ
ಬೆರಳಿಗೆ ಹಸಿ ಕಾಯಿಯ ಘಾಟು.

ಮೊದಲನೆಯದು ಕುರ್ಲಾದಲ್ಲಿ ಇಳಿಯುವ ನಸೀಮಳಿಗೆ.
ಎರಡನೆಯದು ಹೀರಾತಾಯಿ ತಾನೇ ಇಟ್ಟುಕೊಂಡಳು.
ಕೊನೆಯದು ಫಿಲೊಮಿನಾ ರೆಬೆಲೊ. ಏನೂ ಹೇಳುತ್ತಿರಲಿಲ್ಲ,
ಆದರೆ ವಿಕ್ರೋಲಿ ಹೊತ್ತಿಗೆ ಅವಳ ಮೂಗು ಕೆಂಪಾಗಿ
ಯಾರೋ ಸಾಯುವುದು ನಮಗೆಲ್ಲ ಗೊತ್ತಾಗುತ್ತಿತ್ತು.

ನನ್ನದು ಮೂರನೆಯದು.
ಅಲ್ಲಿಗೆ ಎಲ್ಲರಿಗೂ ಮದುವೆಯಾಗಿ, ಜಗಳವೂ ಆಗಿ,
ಚಂದ್ರಭಾಗಾ ಎಂಬೊಬ್ಬಳು ಮಾತು ಬಿಟ್ಟಾಗಿತ್ತು.
ತರಕಾರಿ ಚೌಕಾಸಿಯಷ್ಟೇ ಮರಾಠಿ ನನಗೆ.
ಅಕ್ಷರವೇನೋ ಗದಗಿನ ಶಾಲೆಯ ಹಿಂದಿ ಟೀಚರು ಕೊಟ್ಟದ್ದು,
ಅವರು ಕೊಡದೆ ಬಿಟ್ಟ ನಮ್ಮ ‘ಳ’
ಇಲ್ಲಿ ಸಾಲುಸಾಲಿಗೂ ಎದುರಾಗಿ,
ದಾದರ್ ಸೇತುವೆ ಮೇಲೆ ಊರಿನವರು ಸಿಕ್ಕಂತೆ,
ಎಲ್ಲಿಂದ ಬಂದೆ ಮಾರಾಯ್ತಿ, ಅನ್ನುತ್ತಿತ್ತು.

ಪಾರ್ಸಿಕ್ ಸುರಂಗದಲ್ಲಿ ದೀಪ ಹೋಗುತ್ತಿತ್ತು.
ಸಾಲಿನ ಮೇಲೆ ಬೆರಳಿಟ್ಟು ಕತ್ತಲಲ್ಲಿ ವರದಿ ಒಪ್ಪಿಸುತ್ತಿದ್ದೆವು:
ಇವಳು ತವರಿಗೆ ಹೊರಟಳು.
ಯಾಕೆ?
ಅದು ಎರಡರಲ್ಲಿದೆ.
ಇವನು ಅಣ್ಣನ ಕಾಲು ಹಿಡಿದ.
ಯಾಕೆ?
ಎರಡರಲ್ಲಿ.
ಹೀರಾತಾಯಿ ನಗುತ್ತಿದ್ದದ್ದು ಬಳೆಯ ಸದ್ದಿನಿಂದ ತಿಳಿಯುತ್ತಿತ್ತು.
ಶನಿವಾರ ಬದಲಾಯಿಸೋಣ, ಅಂದಿದ್ದಳು.

ಶುಕ್ರವಾರ ಅವಳ ಆಫೀಸು ಬೇಲಾಪುರಕ್ಕೆ ಹೋಯಿತು.
ಬೇರೆ ರೈಲು, ಬೇರೆ ದಿಕ್ಕು.
ಫೋನು ಯಾರ ಮನೆಯಲ್ಲೂ ಇರಲಿಲ್ಲ.
ಚಾಕು, ಚೀಲ, ಎರಡನೇ ತುಂಡು,
ಎಲ್ಲ ಖಾಡಿಯ ಆಚೆ.

ಮಳೆಗಾಲದವರೆಗೆ ಅವಳ ಜಾಗಕ್ಕೆ ಕರವಸ್ತ್ರ ಹಾಕಿದೆವು.
ಆಮೇಲೆ ನಾವೇ ಶುರುಮಾಡಿದೆವು.
ನಸೀಮಳ ಪ್ರಕಾರ ಜಮೀನಿನ ಕಾಗದ ಸುಟ್ಟರು.
ಫಿಲೊಮಿನಾ ಪ್ರಕಾರ ಜ್ವರ, ಆ ಕಾಲದಲ್ಲಿ ಎಲ್ಲಕ್ಕೂ ಜ್ವರವೇ.
ನಾನು ಎಂದೂ ಹೆಚ್ಚು ಮಾತಾಡಿದವಳಲ್ಲ,
ಮಸ್ಜಿದ್ ಬಂದರಿನ ಮೆಣಸಿನ ಪೇಟೆಯಲ್ಲಿ ಲೆಕ್ಕ ಬರೆಯುವವಳು,
ಒಂದು ಬಾವಿ ತೋಡಿದೆ.
ಅತ್ತೆಯ ಹಿತ್ತಾಳೆ ಕೊಡ ಹಗ್ಗ ಹರಿದು ಬಿತ್ತು.
ಚಂದ್ರಭಾಗಾ ಬಗ್ಗಿ ಕೂಗಿದಳು.
ಬಾವಿ ಅವಳ ಕೂಗನ್ನು ಇಟ್ಟುಕೊಂಡಿತು,
ಹಿಂದಕ್ಕೆ ಕೊಡಲಿಲ್ಲ.

ಡಬ್ಬಿಯಲ್ಲಿ ಬಟಾಣಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸಿದರು.
ಫಿಲೊಮಿನಾ ತನ್ನ ತುಂಡಿನ ನಾಲ್ಕಾರು ಪುಟ ಹಿಂದಕ್ಕೆ ಮಗುಚಿ
ಹೌದಲ್ಲ, ಅಂದಳು,
ಅದಕ್ಕೇ ಸಾಯುವಾಗ ನೀರು ಬೇಡವೆನ್ನುತ್ತಾಳೆ.

ಮೊನ್ನೆ, ಇಪ್ಪತ್ತೆರಡು ವರ್ಷದ ಮೇಲೆ,
ಮಾಟುಂಗಾದ ಫುಟ್‌ಪಾತಿನಲ್ಲಿ ಸಿಕ್ಕಿತು.
ಇಡಿಯದು. ಬೆನ್ನು ಗಟ್ಟಿ. ನೂರಾ ಐವತ್ತು ಅಂದ.
ಚೀಲ ಕಾಲ ನಡುವೆ ಇಟ್ಟು, ನಿಂತೇ, ಎರಡನೇ ತುಂಡು ಓದಿದೆ.
ಮದುವೆ ಇತ್ತು. ಕಾಗದವೂ ಸುಟ್ಟಿದ್ದರು, ನಸೀಮ್ ಗೆದ್ದಿದ್ದಳು.
ದೀಪ ಹಚ್ಚುವ ಹೊತ್ತಾಯಿತು. ಅಂಗಡಿಯವನು
ಒಮ್ಮೆ ಕೆಮ್ಮಿದ, ಒಮ್ಮೆ ಸ್ಟೂಲು ಕೊಟ್ಟ.

ಪುಸ್ತಕ ಮುಚ್ಚಿ ವಾಪಸು ಹಿಡಿದೆ.
ಯಾಕೆ ಬಾಯಿ, ಹಾಳೆ ಹೋಗಿದೆಯಾ?
ಬಾವಿ ಇಲ್ಲ ಇದರಲ್ಲಿ, ಅಂದೆ.
ಅವನು ಕನ್ನಡಕ ಏರಿಸಿ, ಬೆರಳು ನೆಕ್ಕಿ,
ನಿಜಕ್ಕೂ ಹುಡುಕತೊಡಗಿದ.